ಬ್ಯಾಳಿಗೆ ಯಾವ ನೀರು?

ನಾಸಿಕದಲ್ಲಿ ನಾನಿರುವ ಬೀದಿಯ ತಿರುವಿನಲ್ಲಿ ಹೋದ ತಿಂಗಳು ಒಂದು ಹಿಟ್ಟಿನ ಗಿರಣಿ ಶುರುವಾಯಿತು. ಕೆಲಸ ಮುಗಿಸಿ ಬರುತ್ತಿದ್ದವಳು ಅದರ ಮುಂದೆ ಸುಮ್ಮನೆ ನಿಂತುಬಿಟ್ಟೆ. ಬಿಸಿ ಹಿಟ್ಟಿನ ವಾಸನೆ... ಗೋಧಿಯದಲ್ಲ, ಜೋಳದ್ದು. ಗೋಧಿ ಹಿಟ್ಟಿಗೆ ಮಂದವಾದ ಸಿಹಿ ವಾಸನೆ ಇರುತ್ತದೆ. ಜೋಳದ್ದು ಸ್ವಲ್ಪ ಸೀದಂತೆ, ಬಿಸಿಲಿಗೆ ಕಾದ ಅಂಗಳದಂತೆ. ಹೆಗಲಲ್ಲಿ ಲ್ಯಾಪ್‌ಟಾಪ್ ಚೀಲ, ಬೀಸಿಸಲು ಒಂದು ಕಾಳೂ ಇಲ್ಲ. ಗಿರಣಿಯವನು ನನ್ನನ್ನು ಎರಡು ಸಲ ನೋಡಿದ. ಮೂರನೆಯ ಸಲ ನೋಡುವ ಮೊದಲು ನಾನು ಅಲ್ಲಿಂದ ಹೊರಟೆ. ಆದರೆ ಆ ವಾಸನೆ ಮನೆಯವರೆಗೂ ಬಂತು, ಅದರ ಜೊತೆಗೆ ಗಿರಣಿ ಕಾಕೂ ನೆನಪಿಗೆ ಬಂದರು. ಕಾಕು ಅಂದರೆ ಆ ಕಡೆಯವರ ಬಾಯಲ್ಲಿ ಚಿಕ್ಕಮ್ಮ.

ಅವರ ಗಿರಣಿ ಇದ್ದದ್ದು ಛತ್ರಪತಿ ಸಂಭಾಜಿನಗರದ ಹೊರಗೆ, ಚಿಕಲಠಾಣಾದಿಂದ ಶೇಂದ್ರಾ ಕಡೆಗೆ ಹೋಗುವ ದಾರಿಯ ಒಂದು ವಸ್ತಿಯಲ್ಲಿ. ಕಾರ್ಖಾನೆಗಳಿಗೆ ದುಡಿಯಲು ಬಂದವರ ಮನೆಗಳು, ಅರ್ಧದಷ್ಟು ಮರಾಠಿಯವರು, ಉಳಿದವರಲ್ಲಿ ಬೀದರ ಕಡೆಯವರೇ ಹೆಚ್ಚು. ಕಾಕು ಭಾಲ್ಕಿ ಕಡೆಯವರು. ಗಂಡ ಕಾರ್ಖಾನೆಯ ಕೆಲಸಕ್ಕೆಂದು ಕರೆತಂದಿದ್ದರಂತೆ. ಅವರು ತೀರಿಕೊಂಡ ಮೇಲೆ ಗಿರಣಿಯನ್ನು ಒಬ್ಬರೇ ನಡೆಸುತ್ತಿದ್ದರು. ಹಣೆಯ ಮೇಲೆ ವಿಭೂತಿ, ಅದರ ಮೇಲೆ ಹಿಟ್ಟು. ಯಾವುದು ಎಲ್ಲಿ ಮುಗಿಯುತ್ತದೆ ಎಂದು ಹೇಳಲು ಬರುತ್ತಿರಲಿಲ್ಲ.

ನನ್ನ ಅಪ್ಪ ಕಲಬುರಗಿಯವರು. ಬ್ಯಾಂಕಿನ ವರ್ಗಾವಣೆಯಲ್ಲಿ ಸಂಭಾಜಿನಗರಕ್ಕೆ ಬಂದವರು ಅಲ್ಲೇ ಉಳಿದರು, ಅವರ ರೊಟ್ಟಿಯ ಹಟವೂ ಉಳಿಯಿತು. ಗೋಧಿ ಬೀಸಿದ ಕಲ್ಲಿನಲ್ಲೇ ಜೋಳ ಬೀಸಿದರೆ ರೊಟ್ಟಿ ಸರಿಯಾಗಿ ಬರುವುದಿಲ್ಲ ಎಂದು ಅವರ ನಂಬಿಕೆ. ಕಾಕು ಜೋಳಕ್ಕೆಂದೇ ಬೇರೆ ಕಲ್ಲು ಇಟ್ಟಿದ್ದರು. ಹಾಗಾಗಿ ಪಕ್ಕದ ಗಿರಣಿ ಬಿಟ್ಟು ನಾನು ಸ್ಕೂಟಿಯ ಮೇಲೆ ಅಷ್ಟು ದೂರ ಡಬ್ಬಿ ಹೊತ್ತುಕೊಂಡು ಹೋಗಬೇಕಾಗಿತ್ತು. ಮೊದಲ ದಿನ ನಾನು “ಜೋಳ” ಅಂದದ್ದೇ ತಡ, ಕಾಕು ತಲೆ ಎತ್ತಿದರು.

“ಯಾರ ಮಗಳು ನೀ? ಕಲಬುರಗಿಯವರೇನು?”

“ಹೌದ್ರಿ ಕಾಕು.”

“ಮತ್ತ ಮಾತಾಡ್ಲಕ್ಕ ಯಾಕ ಇಷ್ಟು ತಡಿತಿ? ಕನ್ನಡ ಏನು ರೇಷನ್ ಅಂಗಡಿದಾಗ ಸಿಗ್ತದೇನು?”

ನನಗೆ ಸಿಟ್ಟು ಬಂತು. ಏಳನೆಯ ತರಗತಿಯವರೆಗೆ ಕನ್ನಡ ಶಾಲೆಯಲ್ಲಿ ಓದಿದವಳು ನಾನು. ಆದರೆ ಅವರು ಹೇಳಿದ್ದು ಖರೆ. ಮರಾಠಿ, ಹಿಂದಿ, ಇಂಗ್ಲಿಷಿನ ನಡುವೆ ನನ್ನ ಕನ್ನಡ ಅಪ್ಪನ ಜೊತೆ ಊಟದ ಹೊತ್ತಿಗೆ ಮಾತ್ರ ಹೊರಬರುತ್ತಿತ್ತು.

ಆಗ ನಾನು ಅಂತರ್ಜಲದ ಬಗ್ಗೆ ಸಂಶೋಧನೆ ಮಾಡುತ್ತಿದ್ದೆ. ನಮ್ಮಂಥ ನಾಲ್ಕಾರು ಸಂಶೋಧನಾ ವಿದ್ಯಾರ್ಥಿಗಳು ಸೇರಿ ಒಂದು ಗುಂಪು ಕಟ್ಟಿಕೊಂಡಿದ್ದೆವು. ಪ್ರಬಂಧ ಬರೆದು ಕಪಾಟಿಗೆ ಸೇರಿಸಿದರೆ ಸಾಲದು, ವಿಜ್ಞಾನವನ್ನು ಜನರಿಗೆ ಹೇಳಬೇಕು, ಸರ್ಕಾರದ ನೀತಿ ರೂಪಿಸುವವರ ಮೇಜಿಗೂ ತಲುಪಿಸಬೇಕು ಎಂಬ ಹುರುಪು. ಹುರುಪಿಗೆ ನಮ್ಮಲ್ಲಿ ಬರವಿರಲಿಲ್ಲ. ನೀರಿನಲ್ಲಿ ಫ್ಲೋರೈಡ್ ಎಂಬ ಲವಣ ಹೆಚ್ಚಾದರೆ ಮಕ್ಕಳ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ, ವರ್ಷಗಟ್ಟಲೆ ಹೊಟ್ಟೆಗೆ ಹೋದರೆ ಮೂಳೆ, ಕೀಲುಗಳು ಬಿರುಸಾಗುತ್ತವೆ. ಕುದಿಸಿದರೂ ಅದು ಹೋಗುವುದಿಲ್ಲ. ಎಲ್ಲೆಲ್ಲಿ ಇಂಥ ನೀರು ಇದೆಯೋ ಆ ಕೈಪಂಪುಗಳನ್ನು ಮುಚ್ಚಿ ಬೇರೆ ನೀರು ಕೊಡಬೇಕು ಎಂದು ನಾವು ಒಂದು ಪಟ್ಟಿ ಮಾಡಿ, ಎರಡು ಪುಟದ ಟಿಪ್ಪಣಿಯ ಜೊತೆ ಇಲಾಖೆಗೆ ಕೊಟ್ಟಿದ್ದೆವು. ಟಿಪ್ಪಣಿಯ ಕೆಳಗೆ ನನ್ನ ಹೆಸರು ಮೊದಲು ಇತ್ತು. ಅದನ್ನು ದಿನಕ್ಕೆ ಎರಡು ಸಲವಾದರೂ ಫೋನಿನಲ್ಲಿ ತೆಗೆದು ನೋಡಿಕೊಳ್ಳುತ್ತಿದ್ದೆ.

ಹಾಗೆ ನೋಡಿಕೊಳ್ಳುತ್ತಿದ್ದಾಗಲೇ ಕಾಕು ಹಿಡಿದರು. ನನ್ನ ಡಬ್ಬಿಯ ಜೋಳ ಕಲ್ಲಿಗೆ ಬಿದ್ದಿತ್ತು.

“ಏನು ಓದ್ಲತ್ತಿ? ಜೋರಾಗಿ ಓದು, ನಾವೂ ಕೇಳ್ತೀವಿ. ಆದರ ಹಿಟ್ಟು ಬರೋತನ ಅಷ್ಟೇ. ಡಬ್ಬಿ ತುಂಬಿದ ಮ್ಯಾಲ ಇಲ್ಲಿ ಯಾರೂ ನಿಲ್ಲಂಗಿಲ್ಲ.”

ಗಿರಣಿಯ ಸದ್ದಿನ ಮೇಲೆ ಗಂಟಲು ಏರಿಸಿ ಓದಿದೆ. ಕನ್ನಡದಲ್ಲಿ ಅರ್ಧ, ಮರಾಠಿಯಲ್ಲಿ ಅರ್ಧ. ಯಾವ ಪ್ರಶ್ನೆ ಕೇಳಿದೆವು ಎಂದೂ ಹೇಳಿದೆ: ನಿಮ್ಮ ಮನೆಗೆ ಕುಡಿಯುವ ನೀರು ಎಲ್ಲಿಂದ ತರುತ್ತೀರಿ? ಈ ವಸ್ತಿಯಲ್ಲಿ ಎಲ್ಲರೂ ನಳ ಅಂದಿದ್ದರು. ಇಲ್ಲಿಯ ಹಾಪ್ಸಾ, ಅಂದರೆ ಆ ಕಡೆಯವರ ಬಾಯಲ್ಲಿ ಕೈಪಂಪು, ಅದರ ನೀರನ್ನು ಯಾರೂ ಕುಡಿಯುವುದಿಲ್ಲ. ಕುಡಿಯದ ನೀರನ್ನು ಪರೀಕ್ಷಿಸುವುದೇಕೆ ಎಂದು ನಾವು ಅದರ ಮಾದರಿಯನ್ನೇ ತೆಗೆದಿರಲಿಲ್ಲ. ಪಟ್ಟಿಯಲ್ಲಿ ಅದರ ಹೆಸರೂ ಇರಲಿಲ್ಲ.

ಕಾಕು ಹಿಟ್ಟು ಬೀಳುವ ಬಟ್ಟೆಯ ಬಾಯಿಗೆ ಕೈಯೊಡ್ಡಿ, ಹೆಬ್ಬೆರಳು ತೋರುಬೆರಳಿನ ನಡುವೆ ಹಿಟ್ಟನ್ನು ಉಜ್ಜಿ ನೋಡುತ್ತಿದ್ದರು. ಹಿಟ್ಟು ದಪ್ಪಗಿದ್ದರೆ ಅದೇ ಬೆರಳು ಹಾಗೇ ಇಟ್ಟು ತಲೆ ಅಲ್ಲಾಡಿಸುವುದು ಅವರ ರೂಢಿ. ಆಗಲೂ ಅಲ್ಲಾಡಿಸಿದರು. ಹಿಟ್ಟಿಗಲ್ಲ, ನನಗೆ.

“ಮತ್ತ ಬ್ಯಾಳಿ ನೀರಿಂದು ಎಲ್ಲಿ ಕೇಳಿದಿ?”

“ಬ್ಯಾಳಿ ನೀರು ಅಂದ್ರ?”

ಅವರು ನನ್ನನ್ನು ನೋಡಿದ ನೋಟ ಇನ್ನೂ ಕಣ್ಣ ಮುಂದಿದೆ. ಅಡುಗೆಮನೆಗೆ ಕಾಲಿಟ್ಟಿಲ್ಲದವರನ್ನು ನೋಡುವ ನೋಟ ಅದು, ನಾನು ಅದಕ್ಕೆ ಪೂರ್ತಿ ತಕ್ಕವಳೇ. ನಳದ ನೀರು ಬರುವುದು ಎಷ್ಟೋ ದಿನಕ್ಕೊಮ್ಮೆ. ಅದನ್ನು ಹಿಡಿದಿಟ್ಟು ಕುಡಿಯಲು ಮಾತ್ರ ಬಳಸುತ್ತಾರೆ. ಹಾಪ್ಸಾದ ನೀರು ಬಾಯಿಗೆ ಸಪ್ಪೆ, ಕುಡಿಯಲು ಬೇಡ. ಆದರೆ ಅದರಲ್ಲಿ ತೊಗರಿ ಬೇಳೆ ಸೋಡಾ ಹಾಕಿದಂತೆ ಬೇಗ ಬೇಯುತ್ತದೆ, ಗ್ಯಾಸ್ ಉಳಿಯುತ್ತದೆ. ವಸ್ತಿಯ ಪ್ರತಿ ಮನೆಯ ಬೇಳೆಯೂ ಆ ನೀರಿನಲ್ಲೇ ಬೇಯುತ್ತಿತ್ತು. ನಾವು ಕುಡಿಯುವ ನೀರು ಯಾವುದು ಎಂದು ಕೇಳಿದೆವು, ಅವರು ಕುಡಿಯುವ ನೀರು ಯಾವುದು ಎಂದು ಹೇಳಿದರು. ಯಾರೂ ಸುಳ್ಳು ಹೇಳಿರಲಿಲ್ಲ. ಪ್ರಶ್ನೆಯೇ ಸುಳ್ಳಾಗಿತ್ತು.

ಇಂಥ ಸಪ್ಪೆ, ಮೃದು ನೀರಿನಲ್ಲೇ ಫ್ಲೋರೈಡ್ ಹೆಚ್ಚಿರುವ ಸಂಭವ ಜಾಸ್ತಿ ಎಂದು ನಾನು ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಡಬ್ಬಿ ತೆಗೆದುಕೊಂಡು ಮನೆಗೆ ಬಂದವಳೇ ನಮ್ಮ ಪಟ್ಟಿಯನ್ನು ಮತ್ತೆ ಮೊದಲಿನಿಂದ ಓದಿದೆ.

ನನಗೆ ಮಾರ್ಗದರ್ಶಕರಾಗಿದ್ದ ಸರ್ ಬಳಿ ಹೋಗಿ ಹೇಳಿದೆ. ಅವರು ಕೆಟ್ಟವರಲ್ಲ. ಕನ್ನಡಕ ತೆಗೆದು ಒರೆಸಿಕೊಂಡು, ಕೊಟ್ಟ ವರದಿ ತಪ್ಪು ಎಂದು ನಾವೇ ಹೇಳಿದರೆ ಮುಂದೆ ನಮ್ಮ ಹುಡುಗರನ್ನು ಯಾರು ಒಳಗೆ ಬಿಡುತ್ತಾರೆ, ಮುಂದಿನ ಸಮೀಕ್ಷೆಯಲ್ಲಿ ಸರಿಪಡಿಸೋಣ ಎಂದರು. ಮುಂದಿನ ಸಮೀಕ್ಷೆ ಯಾವಾಗ ಎಂದು ಅವರಿಗೂ ಗೊತ್ತಿರಲಿಲ್ಲ. ಮೂರು ವಾರದಲ್ಲಿ ನಾಸಿಕದಲ್ಲಿ ಇಲಾಖೆಯ ಸಭೆ. ಪಟ್ಟಿ ಅಲ್ಲಿ ಅಂತಿಮವಾಗುತ್ತಿತ್ತು. ಅಷ್ಟರೊಳಗೆ ಆ ಹಾಪ್ಸಾ ಪಟ್ಟಿಗೆ ಸೇರದಿದ್ದರೆ ಆ ವಸ್ತಿಯ ಮಕ್ಕಳು ಇನ್ನೆಷ್ಟು ವರ್ಷ ಆ ಬೇಳೆ ತಿನ್ನಬೇಕೋ.

ಸಂಕೋಚ ಬಹಳ ಕೆಟ್ಟದ್ದು. ಎಂಟು ದಿನ ನಾನು ಗಿರಣಿಯ ಕಡೆ ತಲೆ ಹಾಕಲಿಲ್ಲ. ಒಂಬತ್ತನೆಯ ದಿನ ಅಪ್ಪನ ಹಿಟ್ಟು ಮುಗಿಯಿತು, ಹೋಗಲೇಬೇಕಾಯಿತು.

ಅವತ್ತು ಕಾಕು ಜೋಳದ ಕಲ್ಲಿಗೆ ಉಳಿಯಿಂದ ಹೊಸದಾಗಿ ಹಲ್ಲು ಹಾಕಿಸಿದ್ದರು. ಹಾಗೆ ಮಾಡಿದ ದಿನ ಮೊದಲ ಹಿಟ್ಟಿನಲ್ಲಿ ಕಲ್ಲಿನ ಪುಡಿ ಬರುತ್ತದೆ. ಅದಕ್ಕೇ ಅವರು ಮೊದಲು ತಮ್ಮದೇ ಜೋಳ ಹಾಕಿ ಬೀಸಿ, ಆ ಹಿಟ್ಟನ್ನು ಪಕ್ಕದ ಮನೆಯ ಎಮ್ಮೆಗೂ ಕೊಡದೆ ಗುಂಡಿಗೆ ಸುರಿಯುತ್ತಿದ್ದರು. ಅದೆಲ್ಲ ಆಗುವ ತನಕ ನಾನು ಮೂಲೆಯಲ್ಲಿ ಮುಖ ಸಣ್ಣ ಮಾಡಿಕೊಂಡು ನಿಂತಿದ್ದೆ. ಕೇಳಿದರು, ಹೇಳಿದೆ. ಸರ್ ಹೇಳಿದ್ದನ್ನೂ ಹೇಳಿದೆ.

“ಒಂದ್ಸಲ ನನಗ ಗೊತ್ತಾಗ್ದಂಗ ಕಲ್ಲಿನ ಹಳ್ಳು ಹೋಗಿತ್ತು ಹಿಟ್ಟಿನಾಗ,” ಅಂದರು ಕಾಕು. “ನಾಕು ಮನಿಗಿ ನಾನೇ ಹೋಗಿ ಹಿಟ್ಟು ವಾಪಸ್ ತಂದೆ. ಮಂದಿ ನಕ್ಕರು. ಮುಂದಿನ ವಾರ ಅವರೇ ಡಬ್ಬಿ ತಗೊಂಡು ಬಂದ್ರು. ನಿನ್ನ ಕಾಗದದಾಗೂ ಹಳ್ಳು ಅದ. ವಾಪಸ್ ತಗೊಂಡು ಬಾ.”

ಅಷ್ಟೇ. ನನ್ನ ಡಬ್ಬಿಯ ಜೋಳವನ್ನು ಕಲ್ಲಿಗೆ ಸುರಿದರು.

ಮರುದಿನದಿಂದ ನಾನು ಗಿರಣಿಯಲ್ಲೇ ಕೂತೆ. ಡಬ್ಬಿ ತಂದವರು ಪಾಳಿಗೆ ಕಾಯಲೇಬೇಕು, ಹಾಗಾಗಿ ವಸ್ತಿಯ ಎಲ್ಲ ಮನೆಗಳೂ ತಾವಾಗಿಯೇ ನನ್ನ ಮುಂದೆ ಬಂದವು. ಹಿಂದೆ ನಾವು ಸಮುದಾಯ ಭವನದಲ್ಲಿ ಜಾಗೃತಿ ಕಾರ್ಯಕ್ರಮ ಅಂತ ಬ್ಯಾನರ್ ಕಟ್ಟಿ ಕೂತಾಗ ಬಂದವರು ಹನ್ನೊಂದು ಜನ, ಅದರಲ್ಲಿ ನಾಲ್ವರು ನಾವೇ. ಇಲ್ಲಿ ಒಂದೇ ಪ್ರಶ್ನೆ. ಕನ್ನಡದವರಿಗೆ “ಬ್ಯಾಳಿಗೆ ಯಾವ ನೀರು?” ಮರಾಠಿಯವರಿಗೆ “ಡಾಳ್ ಕೋಣತ್ಯಾ ಪಾಣ್ಯಾತ ಶಿಜವತಾ?” ಉತ್ತರವೂ ಒಂದೇ, ಹಾಪ್ಸಾ. ಉತ್ತರ ಬರೆದುಕೊಂಡ ಮೇಲೆ ಫ್ಲೋರೈಡಿನ ಬಗ್ಗೆ ನನ್ನ ಮಾತು, ಅದಕ್ಕೆ ಕಾಕುವಿನದೇ ಅಳತೆ. ಡಬ್ಬಿ ತುಂಬುವುದರೊಳಗೆ ಹೇಳಿ ಮುಗಿಸಬೇಕು. ನಾಲ್ಕು ದಿನ ನನ್ನ ಮಾತು ಮುಗಿಯುವ ಮೊದಲೇ ಡಬ್ಬಿ ತುಂಬಿತು, ಕೇಳುವವರು ಹೋಗಿಬಿಟ್ಟರು. ಐದನೆಯ ದಿನ ಮಾತು ಡಬ್ಬಿಗೆ ಸರಿಯಾಯಿತು. ವಿಶ್ವವಿದ್ಯಾಲಯದಲ್ಲಿ ಯಾರೂ ಅದನ್ನು ನನಗೆ ಕಲಿಸಿರಲಿಲ್ಲ.

ಒಂದು ದಿನ ಪರೀಕ್ಷೆಯ ಕಿಟ್ ತಂದು ಎಲ್ಲರ ಎದುರಿಗೇ ಹಾಪ್ಸಾದ ನೀರಿಗೆ ದ್ರಾವಣ ಹಾಕಿದೆ. ನೀರು ಒಳ್ಳೆಯದಿದ್ದರೆ ಗುಲಾಬಿ ಬಣ್ಣ ಉಳಿಯಬೇಕು, ಫ್ಲೋರೈಡ್ ಹೆಚ್ಚಿದ್ದರೆ ಹಳದಿಗೆ ತಿರುಗಬೇಕು. ನೋಡನೋಡುತ್ತಲೇ ಹಳದಿಯಾಯಿತು. ಪಾಳಿಯಲ್ಲಿದ್ದ ಒಬ್ಬ ಹೆಣ್ಣುಮಗಳು ಖುಷಿಯಿಂದ, “ಅರಿಶಿಣ ಬಂತು ನೋಡ್ರಿ, ಚಲೋ ಆಯ್ತು,” ಅಂದಳು. ಉಳಿದವರೂ ತಲೆಯಾಡಿಸಿದರು. ಅರಿಶಿಣದ ಬಣ್ಣವನ್ನು ಕೆಟ್ಟದ್ದು ಎಂದು ಆ ಹೆಂಗಸರಿಗೆ ಹೇಗೆ ಹೇಳುವುದು ಎಂದು ನಾನು ತಡವರಿಸುತ್ತಿದ್ದೆ. ಕಾಕು ಮಾತ್ರ ನೀರಿನ ಬಣ್ಣ ನೋಡದೆ ನನ್ನ ಮುಖ ನೋಡುತ್ತಿದ್ದರು. ಗಿರಣಿಯ ಸ್ವಿಚ್ ಆರಿಸಿದರು. ದಿನದ ನಡುವೆ ಅವರು ಅದನ್ನು ಆರಿಸಿದ್ದನ್ನು ನಾನು ಆ ಮೊದಲು ನೋಡಿರಲಿಲ್ಲ.

“ಈ ನೀರೇ ನಾ ಇಷ್ಟು ವರ್ಷ ಉಂಡೀನಿ,” ಅಂದರು. “ಹಂಗಾರ ನನ್ನ ಬೆನ್ನು?”

ಆಗ ನಾನು ಮೊದಲ ಸಲ ಅವರ ಬೆನ್ನನ್ನು ಗಮನಿಸಿದೆ. ಅವರು ಬಗ್ಗುತ್ತಿರಲಿಲ್ಲ. ಚೀಲ ಎತ್ತಬೇಕಾದರೆ ಬೆನ್ನು ನೆಟ್ಟಗಿಟ್ಟುಕೊಂಡು ಮೊಣಕಾಲೂರಿ ಕೂರುತ್ತಿದ್ದರು. ಅದು ಅವರ ಠೀವಿ ಎಂದುಕೊಂಡಿದ್ದೆ ನಾನು... ಹೌದು ಎನ್ನಲು ನನಗೆ ಆಧಾರವಿರಲಿಲ್ಲ, ಅಲ್ಲ ಎನ್ನಲು ಧೈರ್ಯವಿರಲಿಲ್ಲ.

“ಗೊತ್ತಿಲ್ರಿ ಕಾಕು. ಡಾಕ್ಟರ್ ನೋಡಿ ಹೇಳ್ಬೇಕು.”

“ಗೊತ್ತಿಲ್ಲಂದ್ರ ಗೊತ್ತಿಲ್ಲ ಅಂತೇ ಹೇಳ್ಬೇಕು. ಇದು ಚಲೋ ಮಾಡಿದಿ,” ಎಂದು ಅವರೇ ನನಗೆ ಸಮಾಧಾನ ಮಾಡಿದರು. ಆ ಸಂಜೆಯಿಂದ ಅವರ ಮನೆಯ ಬೇಳೆ ನಳದ ನೀರಿನಲ್ಲಿ ಬೇಯತೊಡಗಿತು. ಹಟದಲ್ಲಿ ಅಪ್ಪನನ್ನೂ ಮೀರಿಸುವವರು ಅವರು.

ನಾಸಿಕದ ಸಭೆಗೆ ನಾನು ಹೊರಟಾಗ ಬಸ್ ನಿಲ್ದಾಣದಲ್ಲಿ ಕಾಕು ಚೀಲ ಹಿಡಿದು ನಿಂತಿದ್ದರು. ತ್ರ್ಯಂಬಕೇಶ್ವರಕ್ಕೆ ಹೋಗಬೇಕಾಗಿದೆ, ಹೇಗೂ ನೀನು ಹೊರಟಿದ್ದೀಯಲ್ಲ ಎಂದರು. ಅದು ನೆಪ ಎಂದು ಇಬ್ಬರಿಗೂ ಗೊತ್ತಿತ್ತು. ಸಭೆಗೆ ಜನರೂ ಬರಬಹುದಾಗಿತ್ತು. ಅವರು ಹಿಂದಿನ ಸಾಲಿನಲ್ಲಿ ನೆಟ್ಟಗೆ ಕೂತರು.

ನಮಗೆ ತಲಾ ಮೂರು ನಿಮಿಷ. ನಾನು ಅಚ್ಚುಕಟ್ಟಾಗಿ ಮಾಡಿಕೊಂಡು ಹೋಗಿದ್ದ ನಕಾಶೆ, ಕೋಷ್ಟಕ ಎಲ್ಲ ಪರದೆಯ ಮೇಲೆ ಹಾಕಿದೆ. ತಿದ್ದುಪಡಿಯ ಮಾತನ್ನು ಕೊನೆಯ ಪುಟದಲ್ಲಿ, ಯಾರಿಗೂ ನೋವಾಗದಂತೆ, ಸಣ್ಣ ಅಕ್ಷರದಲ್ಲಿ ಸೇರಿಸಿದ್ದೆ. ಮುಖ್ಯ ಅಧಿಕಾರಿ ಫೋನು ನೋಡುತ್ತಿದ್ದರು. ಹಿಂದಿನ ಸಾಲಿನಲ್ಲಿ ಒಂದು ಕೈ ಮೇಲಕ್ಕೆದ್ದಿತು. ಹೆಬ್ಬೆರಳು, ತೋರುಬೆರಳು, ನಡುವೆ ಇಲ್ಲದ ಹಿಟ್ಟು. ಕಾಕು ತಲೆ ಅಲ್ಲಾಡಿಸುತ್ತಿದ್ದರು.

ಪರದೆ ಆರಿಸಿದೆ. ನಾವು ಕೊಟ್ಟ ವರದಿ ತಪ್ಪು ಎಂದೆ. ಅದರಲ್ಲಿ ಕುಡಿಯುವ ನೀರಿನ ಪ್ರಶ್ನೆ ಮಾತ್ರ ಇತ್ತು, ಅಡುಗೆಯ ನೀರಿನದು ಇರಲಿಲ್ಲ. ಹಾಗೆ ಬಿಟ್ಟವಳು ನಾನು. ಅದರಿಂದ ಒಂದು ಹಾಪ್ಸಾ ಪಟ್ಟಿಯಿಂದ ತಪ್ಪಿಹೋಗಿದೆ, ಇನ್ನೆಷ್ಟು ತಪ್ಪಿವೆಯೋ ಗೊತ್ತಿಲ್ಲ. ಅಧಿಕಾರಿ ಫೋನು ಕೆಳಗಿಟ್ಟರು. ನಿಮ್ಮ ವರದಿಯನ್ನು ನೀವೇ ತಪ್ಪು ಅನ್ನುತ್ತಿದ್ದೀರಾ, ಇದನ್ನು ಹೇಳಿದವರು ಯಾರು ಎಂದು ಕೇಳಿದರು. ನಾನು ಹಿಂದಿನ ಸಾಲಿನ ಕಡೆ ಕೈ ತೋರಿಸಿದೆ.

ಕಾಕು ಎದ್ದು ನಿಂತರು. ಮರಾಠಿಯಲ್ಲಿ ಒಂದೇ ಮಾತು ಕೇಳಿದರು: ಸಾಹೇಬರೇ, ನಿಮ್ಮ ಮನೆಯಲ್ಲಿ ಬೇಳೆ ಯಾವ ನೀರಿನಲ್ಲಿ ಬೇಯುತ್ತದೆ? ನಳದ್ದಿರಬೇಕು, ಮನೆಯಲ್ಲಿ ಕೇಳಬೇಕು ಎಂದರು ಅಧಿಕಾರಿ. ಅವರಿಗೂ ಗೊತ್ತಿರಲಿಲ್ಲ. ಸಭೆಯಲ್ಲಿ ನಗು ಎದ್ದಿತು. ಅವರು ಮಾತ್ರ ನಗಲಿಲ್ಲ. ಪಕ್ಕದಲ್ಲಿ ನಡಾವಳಿ ಬರೆಯುತ್ತಿದ್ದವರ ಕಡೆ ತಿರುಗಿ, ಇದನ್ನು ಬರೆದುಕೊಳ್ಳಿ ಎಂದರು. ಸಭೆ ಮುಗಿಯುವುದು ತಡವಾಗಿ ತ್ರ್ಯಂಬಕೇಶ್ವರ ತಪ್ಪಿತು. “ಇರ್ಲಿ, ಮುಂದಿನ ಸಲ,” ಅಂದರು ಕಾಕು.

ಕತೆ ಅಲ್ಲಿಗೇ ಸುಖವಾಗಿ ಮುಗಿಯಲಿಲ್ಲ. ಈ ನೀರು ಬಳಸಬೇಡಿ ಎಂದು ಸಾರುವ ಕೆಂಪು ಬಣ್ಣ ಹಾಪ್ಸಾಕ್ಕೆ ಬೇಗ ಬಂತು, ಅಡುಗೆಗೆ ಸಾಕಾಗುವಷ್ಟು ನಳದ ನೀರು ಬೇಗ ಬರಲಿಲ್ಲ. ನಡುವಿನ ಅಷ್ಟೂ ತಿಂಗಳು ಹೆಂಗಸರು ದೂರದಿಂದ ನೀರು ಹೊತ್ತರು. ಆ ನೀರಿನಲ್ಲಿ ಬೇಳೆ ಬೇಯಲಿಲ್ಲ, ಗಿರಣಿಯವಳು ಬಾಯಿ ಮುಚ್ಚಿಕೊಂಡಿದ್ದರೆ ಇದು ಯಾವುದೂ ಇರುತ್ತಿರಲಿಲ್ಲ ಎಂಬ ಮಾತು ಮಾತ್ರ ಚೆನ್ನಾಗಿ ಬೆಂದಿತು. ಕೆಲವರು ಬೇರೆ ಗಿರಣಿಗೆ ಹೋದರು. ನನಗೆ ಅಪರಾಧಿ ಭಾವ. ಕಾಕುಗೆ ಅದಕ್ಕೆ ಪುರಸೊತ್ತಿರಲಿಲ್ಲ. ಬಂದವರಿಗೆಲ್ಲ ಬೇಳೆಯನ್ನು ಮೊದಲೇ ನೆನೆ ಹಾಕಲು ಹೇಳಿಕೊಡುತ್ತಿದ್ದರು, ಕಂದು ಹಲ್ಲಿನ ಮಕ್ಕಳ ಬಾಯಿ ತೆರೆಸಿ ತಾಯಂದಿರಿಗೆ ತೋರಿಸುತ್ತಿದ್ದರು. ನನಗೆ ಹೇಳಿದ್ದು ಒಂದೇ, “ಮಂದಿ ಬೈತಾರಂತ ನೀ ಬರೂದು ಬಿಡಬ್ಯಾಡ.” ಪ್ರತಿ ಶನಿವಾರ ಹೋದೆ. ಬೈಸಿಕೊಂಡೆ. ಮತ್ತೆ ಹೋದೆ.

ಪ್ರಬಂಧ ಮುಗಿದಾಗ ಕೃತಜ್ಞತೆಯ ಪುಟಕ್ಕೆಂದು ಅವರ ಹೆಸರು ಕೇಳಿದ್ದೆ.

“ಹೆಸರು ನೋಡಿ ಯಾರು ಜೋಳ ಬೀಸಿಸ್ತಾರ? ಗಿರಣಿ ಕಾಕು ಅಂತ ಬರಿ,” ಅಂದರು.

ಹಾಗೇ ಬರೆದೆ. ನಾಸಿಕದಲ್ಲಿ ನನಗೆ ಕೆಲಸ ಸಿಕ್ಕಿ ಇಲ್ಲಿಗೆ ಬಂದ ಮರುವರ್ಷ ವಸ್ತಿಗೆ ನೀರು ಬಂತು. ಅವತ್ತು ಅವರ ಫೋನು. “ಬ್ಯಾಳಿ ಬೆಂತು,” ಅಂದು ಇಟ್ಟರು. ಆ ಚಳಿಗಾಲದಲ್ಲೇ ಅವರು ಹೋದರು. ಅಪ್ಪನಿಗೆ ಸುದ್ದಿ ತಿಳಿದದ್ದು ಹಿಟ್ಟಿಗೆಂದು ಹೋದಾಗ, ನನಗೆ ಅವರು ಹೇಳಿದಾಗ, ಅಷ್ಟರಲ್ಲಿ ಎಲ್ಲ ಮುಗಿದಿತ್ತು. ಕೊನೆಗೂ ಅವರ ಬೆನ್ನನ್ನು ಯಾವ ಡಾಕ್ಟರಿಗೂ ತೋರಿಸಲು ನನ್ನಿಂದಾಗಲಿಲ್ಲ. ಇವತ್ತಲ್ಲ ನಾಳೆ ಎಂದು ಅವರು ತಳ್ಳಿದರು, ನಾನು ತಳ್ಳಲು ಬಿಟ್ಟೆ. ತ್ರ್ಯಂಬಕೇಶ್ವರಕ್ಕೂ ಕರೆದುಕೊಂಡು ಹೋಗಲಿಲ್ಲ. ಇಲ್ಲಿಂದ ಅದು ಎಷ್ಟು ಹತ್ತಿರ ಎಂದು ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಈಗ ನಾನು ಹೊಸ ಸಂಶೋಧಕರಿಗೆ ಇದೇ ಕೆಲಸ ಕಲಿಸುತ್ತೇನೆ. ಜನರ ಬಳಿ ಹೇಗೆ ಹೋಗಬೇಕು, ಆಡಳಿತಕ್ಕೆ ಹೇಗೆ ಬರೆಯಬೇಕು. ನಮ್ಮ ಸಮೀಕ್ಷೆಯ ನಮೂನೆಯಲ್ಲಿ ಬೇಳೆಯ ನೀರಿನ ಪ್ರಶ್ನೆ ಅಚ್ಚಾಗಿದೆ. ಮೊದಲ ಪಾಠವಾಗಿ ಎಲ್ಲರನ್ನೂ ಒಂದು ದಿನ ಯಾವುದಾದರೂ ಗಿರಣಿಯಲ್ಲಿ ಕೂರಿಸುತ್ತೇನೆ. ಮೊನ್ನೆ ಹಾಗೆ ಹೋಗಿ ಬಂದ ಹುಡುಗಿಯೊಬ್ಬಳು ನಮೂನೆ ಮುಂದಿಟ್ಟು ಅಳುಕುತ್ತ ಕೇಳಿದಳು: “ಮ್ಯಾಡಮ್, ಇದರಲ್ಲಿ ಬೇಳೆ ಇದೆ. ಹಿಟ್ಟು ನಾದೋ ನೀರು, ಚಹಾದ ನೀರು ಎಲ್ಲಿ ಕೇಳಿದ್ದೀರಿ? ಅಲ್ಲಿ ಬಂದವರು ಅದಕ್ಕೆಲ್ಲ ಬೇರೆ ಬೇರೆ ನೀರು ಅಂತಾರೆ.”

ಇಷ್ಟು ವರ್ಷ ಹಿಟ್ಟಿನ ನಡುವೆಯೇ ಕೂತು, ಹಿಟ್ಟು ನಾದುವ ನೀರನ್ನು ಕೇಳಲು ನನಗೇ ಹೊಳೆದಿರಲಿಲ್ಲ. ಮುಖ ಬಿಸಿಯಾಯಿತು. ಆಮೇಲೆ ನಗು ಬಂತು. ಆಮೇಲೆ, ಹುಡುಗಿ ಹೋದ ಮೇಲೆ, ಅಳುವೂ ಬಂತು. ನಮ್ಮ ಪ್ರಶ್ನೆ ಅರೆಬರೆಯಾಗಿದೆ, ನಮೂನೆಯನ್ನು ಹಿಂದಕ್ಕೆ ಪಡೆದು ತಿದ್ದಿ ಕೊಡುತ್ತೇವೆ ಎಂದು ಅವತ್ತೇ ಇಲಾಖೆಗೆ ಪತ್ರ ಬರೆದೆ. ಮೊದಲ ಸಹಿ ಆ ಹುಡುಗಿಯದು.

ಕಳಿಸುವ ಮೊದಲು ಯಾರಿಗಾದರೂ ಓದಿ ಹೇಳಬೇಕಿತ್ತು. ಹೇಳಬೇಕಾದವರು ಇಲ್ಲ. ಎರಡು ಕಿಲೋ ಜೋಳ ಕೊಂಡು, ಡಬ್ಬಿಗೆ ಹಾಕಿ, ಬೀದಿಯ ತಿರುವಿನ ಗಿರಣಿಗೆ ಹೋದೆ. ಜೋಳ ಕಲ್ಲಿಗೆ ಬಿದ್ದು ಸದ್ದು ಏರಿದಾಗ ಪತ್ರ ತೆಗೆದು, ಮರಾಠಿಯಲ್ಲಿದ್ದುದನ್ನು ಕನ್ನಡ ಮಾಡಿಕೊಳ್ಳುತ್ತ ಜೋರಾಗಿ ಓದಿದೆ, ಎಲ್ಲೂ ತಡೆಯದೆ. ಗಿರಣಿಯವನು ಕಿವಿಯ ಹತ್ತಿರ ಕೈಯಿಟ್ಟು, “ತಾಈ, ಕಾಹಿ ಮ್ಹಣಾಲಾತ?”, ಅಕ್ಕಾ, ಏನಾದರೂ ಅಂದಿರಾ, ಎಂದು ಕೇಳಿದ. ನಿಮಗಲ್ಲ ದಾದಾ ಎಂದು ಕೈಸನ್ನೆ ಮಾಡಿದೆ.

ಡಬ್ಬಿ ತುಂಬುವುದರೊಳಗೆ ಪತ್ರ ಮುಗಿದಿತ್ತು.